ಅತ್ತೆಗೊಂದು ಮಂಚ

ಹೊದಿಕೆಯ ಅಂಚಿನಲ್ಲಿ ಎರಡು ಬೆರಳಿನಷ್ಟು ಉದ್ದಕ್ಕೆ ಹೊಲಿಗೆ ಹಾರಿದೆ, ದಾರ ಕಡಿದಿಲ್ಲ, ಎಳೆದರೆ ಬಿಚ್ಚಿಕೊಳ್ಳುತ್ತದೆ, ಎಳೆಯಬಾರದು, ನಾನು ನೋಡಲು ಬಂದದ್ದು ಹೊದಿಕೆಯನ್ನಲ್ಲ, ವೃದ್ಧಾಶ್ರಮದ ಕೋಣೆಯನ್ನು — ಆರನೇ ನಂಬರು, ಅಂಗಳದ ಕಡೆಗೆ ಕಿಟಕಿ, ಮಂಚದ ಎರಡೂ ಬದಿಗೆ ಮಡಚುವ ಕಂಬಿ, ಬಚ್ಚಲಿನ ಗೋಡೆಗೆ ಹಿಡಿಕೆ, ಹಿಡಿದು ಜಗ್ಗಿದೆ, ಅಲುಗಾಡಲಿಲ್ಲ, ಇನ್ನೊಂದು ಸಲ ಜಗ್ಗಿದೆ, ಜೊತೆಗೆ ಬಂದ ದೊಡ್ಡ ಸಿಸ್ಟರ್ ಬಾಗಿಲಲ್ಲೇ ನಿಂತು, ಜಗ್ಗಿ ಮೇಡಂ, ಎಲ್ಲರೂ ಜಗ್ಗಿ ನೋಡ್ತಾರೆ, ನೋಡ್ಲೇಬೇಕು ಎಂದರು. ಅತ್ತೆ ನನ್ನ ಕಿರುಬೆರಳು ಹಿಡಿದುಕೊಂಡಿದ್ದಾರೆ, ಬಸ್ಸು ಇಳಿದಾಗಿನಿಂದ ಬಿಟ್ಟಿಲ್ಲ, ಬೆವರಿ ಜಾರಿದರೆ ಪಕ್ಕದ ಬೆರಳು ಹುಡುಕಿಕೊಳ್ಳುತ್ತಾರೆ, ಇದು ಯಾರ ಮನೆ ಅಕ್ಕ, ಎನ್ನುತ್ತಾರೆ, ನಾನು ಅಕ್ಕ ಅಲ್ಲ, ಸೊಸೆ, ಇಪ್ಪತ್ತಾರು ವರ್ಷದ ಸೊಸೆ, ಅದರಲ್ಲಿ ಇಪ್ಪತ್ತನಾಲ್ಕು ವರ್ಷ ಇವರ ಬಾಯಲ್ಲಿ ನನಗಿದ್ದ ಹೆಸರು ಇವಳೇ, ಇವಳೇ ನೀರು ಕೊಡು, ಇವಳೇ ಬಾಗಿಲು ಹಾಕು, ಮರೆವಿನಿಂದ ಹಾಗೆ ಕರೆದದ್ದಲ್ಲ, ಆಗ ಎಲ್ಲ ನೆನಪಿತ್ತು, ನೆನಪಿದ್ದಾಗ ಇವಳೇ, ಎಲ್ಲ ಮರೆತ ಮೇಲೆ ಅಕ್ಕ. ನೀನು ಹೋಗಿ ನೋಡ್ಕೊಂಡು ಬಾ, ಎಂದ ಗಂಡ, ಬೆಳಿಗ್ಗೆ ಬಗ್ಗಿ ಶೂ ಕಟ್ಟಿಕೊಳ್ಳುತ್ತ, ತಲೆ ಎತ್ತದೆ, ನಿನ್ನ ಕಣ್ಣು ತಪ್ಪಿಸಿ ಒಂದು ಗುಂಡಿ ಕೂಡ ಹೊರಗೆ ಹೋಗಲ್ಲ, ನನಗೇನು ಗೊತ್ತಾಗುತ್ತೆ, ಅಮ್ಮನ್ನ ಅಂಥ ಜಾಗದಲ್ಲಿ ನೋಡೋಕೆ ನನ್ನ ಕೈಲಾಗಲ್ಲ — ಅವನ ಕೈಲಾಗದ್ದೆಲ್ಲ ನನ್ನ ಕೈಗೆ ಬರುವುದು ಹೊಸದಲ್ಲ. ಗುಂಡಿಯ ಮಾತೇನೋ ನಿಜ, ಬಟ್ಟೆ ಕಾರ್ಖಾನೆಯ ತಪಾಸಣೆ ಮೇಜಿನ ಮುಂದೆ ಹತ್ತೊಂಬತ್ತು ವರ್ಷ ನಿಂತಿದ್ದೇನೆ, ಗಂಟೆಗೆ ಅರವತ್ತು ಅಂಗಿ, ಕಾಲರು, ತೋಳು, ಗುಂಡಿ, ಅಂಚು, ತಪ್ಪು ಕಂಡಲ್ಲಿ ಕೆಂಪು ಚೀಟಿ, ಇಲ್ಲೂ ಕೆಂಪು ಚೀಟಿ ಹಚ್ಚುವ ಕೆಲಸವೇ ಅಂದುಕೊಂಡು ಬಂದೆ. ನಾದಿನಿ ಫೋನಿನಲ್ಲಿ, ನೀವು ಹೇಳಿದ್ದೇ ಸರಿ ಅತ್ತಿಗೆ, ನಾವ್ಯಾರೂ ಎದುರು ಮಾತಾಡಲ್ಲ, ಎದುರು ಮಾತಾಡಲ್ಲ ಎಂದರೆ ಬೆನ್ನ ಹಿಂದೆ ಆಡುತ್ತಾರೆ ಎಂದರ್ಥ, ಅತ್ತೆಯನ್ನು ಮನೆಯಿಂದ ಹೊರಗೆ ಹಾಕಿದವಳು ಸೊಸೆ, ಮಗನೂ ಅಲ್ಲ, ಮಗಳೂ ಅಲ್ಲ, ಗೂಬೆಗೆ ಕೂರಲು ನನ್ನ ತಲೆಯಷ್ಟು ಚಪ್ಪಟೆ ಜಾಗ ಬೇರೆಲ್ಲಿ ಸಿಗುತ್ತದೆ.

ಹಜಾರದಲ್ಲಿ ಹನ್ನೊಂದು ಕುರ್ಚಿ, ಒಂಬತ್ತು ಜನ, ಫಿನಾಯಿಲಿನ ವಾಸನೆ, ಅದರ ಕೆಳಗೆ ಬೇಯಿಸಿದ ತರಕಾರಿಯ ವಾಸನೆ, ಅದರ ಕೆಳಗೆ ಇನ್ನೊಂದು, ಮೂಗಿಗೆ ಬಂದೂ ಬಾರದ ಹಾಗೆ, ಆ ಇನ್ನೊಂದು ನಮ್ಮ ಮನೆಯಲ್ಲಿ ಇದಕ್ಕಿಂತ ಜಾಸ್ತಿ ಇದೆ, ಎಷ್ಟು ತೊಳೆದರೂ ಹಾಸಿಗೆಯಿಂದ ಹೋಗುವುದಿಲ್ಲ, ಇಲ್ಲಿ ಹೇಗೆ ಹೋಗಲಾಡಿಸಿದರು ಎಂದು ಕೇಳಬೇಕೆಂದುಕೊಂಡು ನಾಚಿಕೆಯಾಯಿತು. ಕಿಟಕಿಯ ಬಳಿ ಒಬ್ಬ ಅಜ್ಜಿ ಟವೆಲು ಮಡಚುತ್ತಿದ್ದಾರೆ, ಅಂಚಿಗೆ ಅಂಚು ಕೂಡಿಸಿ, ಸುಕ್ಕು ತೀಡಿ, ನಮ್ಮ ಪ್ಯಾಕಿಂಗ್ ಹುಡುಗಿಯರಿಗೂ ಇಷ್ಟು ಚೊಕ್ಕವಾಗಿ ಬರುವುದಿಲ್ಲ, ಎಂಟು ಟವೆಲು ಮುಗಿದೊಡನೆ ಆಯಾ ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ, ಬಾಗಿಲ ಮರೆಯಲ್ಲಿ ಎಲ್ಲವನ್ನೂ ಕೊಡವಿ ಕೆಡಿಸುತ್ತಾಳೆ, ಮತ್ತೆ ತಂದಿಡುತ್ತಾಳೆ, ಅಜ್ಜಿ, ಇನ್ನೂ ಇದೆಯಾ, ನೀವೆಲ್ಲ ಏನು ಮಾಡ್ತಿರ್ತೀರಮ್ಮಾ, ಎನ್ನುತ್ತಾರೆ, ಮತ್ತೆ ಮಡಚುತ್ತಾರೆ — ಇದು ಮೋಸವೋ ಕರುಣೆಯೋ, ಕೆಂಪು ಚೀಟಿ ಎಲ್ಲಿ ಹಚ್ಚಲಿ, ಬಾಗಿಲಿನ ಎರಡೂ ಕಡೆ ಕಂಡವಳು ನಾನೊಬ್ಬಳೇ. ಅತ್ತೆ ಟವೆಲನ್ನೇ ನೋಡುತ್ತಿದ್ದರು, ಪಾಪ, ಕೆಲಸದವಳು, ಅಂದರು. ಇವರಿಗೆ ಶುರುವಾದದ್ದು ಫೋನಿನಿಂದ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಊರಿನವರಿಗೆಲ್ಲ ಲೈನು ಜೋಡಿಸಿದವರು, ಒಂದು ದಿನ ಟಿವಿಯ ರಿಮೋಟನ್ನು ಕಿವಿಗಿಟ್ಟುಕೊಂಡು ಲೈನಲ್ಲಿರಿ ಅಂದರು, ನಾವು ನಕ್ಕೆವು, ಅವರೂ ನಕ್ಕರು, ಆಮೇಲೆ ಗ್ಯಾಸು, ಆಮೇಲೆ ನಲ್ಲಿ, ಆಮೇಲೆ ಮಗನನ್ನೇ ನೋಡಿ, ಈ ಗಂಡಸು ಯಾಕೆ ದಿನಾ ನಮ್ಮನೇಲಿ ಊಟ ಮಾಡ್ತಾನೆ ಅಂದರು, ಅವತ್ತಿನಿಂದ ಅವನು ಊಟದ ತಟ್ಟೆ ಹಿಡಿದು ಕೋಣೆಗೆ ಹೋಗುತ್ತಾನೆ. ನನ್ನನ್ನು ಬಿಟ್ಟು ಬೇರೆ ಯಾರೂ ಸ್ನಾನ ಮಾಡಿಸುವಂತಿಲ್ಲ, ಬಾಯಿಗೆ ತುತ್ತು ಕೊಡುವಂತಿಲ್ಲ, ಗೊತ್ತುಮಾಡಿದ ಹೆಂಗಸು ನಾಲ್ಕೇ ದಿನ ನಿಂತಳು, ಕೈ ಕಚ್ಚಿಸಿಕೊಂಡು ಹೋದಳು, ಸೂಪರ್‌ವೈಸರ್ ಕೆಟ್ಟವನಲ್ಲ, ನೋಡಮ್ಮಾ, ಇನ್ನು ಮೂರು ರಜಾ, ಆಮೇಲೆ ನಿನ್ನ ಮೇಜಿಗೆ ಬೇರೆಯವರು, ನನ್ನ ಕೈಲಿ ಇಲ್ಲ ಎಂದ, ಎಲ್ಲರಿಗೂ ಕೈಯಿದೆ, ಯಾರ ಕೈಲೂ ಏನೂ ಇಲ್ಲ. ಅದಕ್ಕೇ ಬೀಗ ಹಾಕಿಕೊಂಡು ಹೋದೆ, ಮಂಗಳವಾರ, ನೀರಿಟ್ಟು, ಬಿಸ್ಕತ್ತಿಟ್ಟು, ರೇಡಿಯೋ ಹಚ್ಚಿಟ್ಟು, ಹೊರಗಿನಿಂದ ಬೀಗ, ಸಂಜೆ ತೆಗೆದರೆ ಬಾಗಿಲಿಗೆ ಒತ್ತಿಕೊಂಡೇ ಕೂತಿದ್ದಾರೆ, ಬಡಿದು ಬಡಿದು ಗೆಣ್ಣುಗಳ ಚರ್ಮ ಎದ್ದಿದೆ, ಬಿಸ್ಕತ್ತು ಹಾಗೇ ಇದೆ, ನನ್ನನ್ನು ಕಂಡು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು, ಇಪ್ಪತ್ತನಾಲ್ಕು ವರ್ಷ ಬಯ್ದ ಬಾಯಿ ಅವತ್ತು, ಬಂದ್ಯಾ ಅಕ್ಕ, ಅಷ್ಟೇ ಅಂದಿತು, ನಾನು ಡೆಟಾಲು ಹಚ್ಚುವಾಗ ಉರಿ ತಾಳದೆ ನನ್ನ ಹೆಗಲಿಗೇ ಮುಖ ಒತ್ತಿದರು.

ಬಟ್ಟೆ ಒಗೆಯುವ ಕೋಣೆಯನ್ನು ನಾನೇ ಕೇಳಿ ನೋಡಿದೆ, ತಪ್ಪು ಅಡಗುವುದು ಅಲ್ಲಿಯೇ, ಒಗೆಯುವಾಕೆ ಒದ್ದೆ ಕೈ ಒರೆಸಿಕೊಂಡು, ಸುಳ್ಳು ಹೇಳಲ್ಲಮ್ಮಾ, ಮೊದಲು ಅದಲುಬದಲು ಆಗ್ತಿತ್ತು, ಈಗ ಕಾಲರೊಳಗೆ ಹೆಸರು ಹೊಲಿತೀವಿ, ನೋಡಿ ಎಂದು ಒಂದು ಸ್ವೆಟರು ತಿರುಗಿಸಿ ತೋರಿಸಿದಳು, ಕೈಹೊಲಿಗೆ, ಸಣ್ಣ ಸಣ್ಣ ಟಾಕು, ಮೈಗೆ ಚುಚ್ಚದ ಹಾಗೆ ಗಂಟನ್ನು ಹೊರಮೈಗೆ ಹಾಕಿದ್ದಾಳೆ, ಯಾರೂ ಹೇಳಿಕೊಟ್ಟದ್ದಲ್ಲ ಅದು. ಮೊಸರಲ್ಲಿ ಕಲ್ಲು ಹುಡುಕುವವಳಿಗೆ ಕಲ್ಲು ಸಿಗುತ್ತಿಲ್ಲ. ಸಿಗಲಿ ಎಂದು ಬಂದಿದ್ದೆನೋ, ಸಿಗದಿರಲಿ ಎಂದೋ. ಆಗಲೇ ಮೊಗಸಾಲೆಯ ಫೋನು ಹೊಡೆದುಕೊಂಡಿತು, ಅತ್ತೆ ನನ್ನ ಬೆರಳು ಬಿಟ್ಟರು, ಬೆಳಗಿನಿಂದ ಮೊದಲ ಸಲ, ನೆಟ್ಟಗೆ ನಡೆದು ಹೋಗಿ ರಿಸೀವರ್ ಎತ್ತಿ, ನಮಸ್ಕಾರ, ಯಾವ ನಂಬರ್ ಬೇಕಿತ್ತು, ಲೈನಲ್ಲಿರಿ — ಎಕ್ಸ್‌ಚೇಂಜಿನ ಮೂವತ್ತು ವರ್ಷದ ದನಿ, ಒಂದು ಬಿರುಕಿಲ್ಲ, ದೊಡ್ಡ ಸಿಸ್ಟರ್ ಕಿತ್ತುಕೊಳ್ಳಲಿಲ್ಲ, ಪಕ್ಕದಲ್ಲಿ ನಿಂತು ಕಾದರು, ನಗುತ್ತ ಕೈ ಚಾಚಿದರು, ಅತ್ತೆ ಅವರಿಗೆ, ನಿಮಗೇ ಅಂತೆ, ಎಂದು ಕೊಟ್ಟರು. ಹೌದು, ಎಲ್ಲರ ಲೈನೂ ಕೊಟ್ಟರು ಇವರು, ನನ್ನದೊಂದು ಕೊಡಲಿಲ್ಲ. ಮದುವೆಯಾದ ಮೂರನೇ ವರ್ಷ, ಬೆಳಿಗ್ಗೆ ಹತ್ತಕ್ಕೆ ನನ್ನ ಅಣ್ಣ ಆಸ್ಪತ್ರೆಯಿಂದ ಫೋನು ಮಾಡಿದ್ದ, ಅಮ್ಮನಿಗೆ ಜೋರಾಗಿದೆ, ಕಳಿಸಿಕೊಡಿ ಎಂದು, ಆಗ ನಾನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಯ ನಂಬರು ಅಡುಗೆಮನೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು, ನಾನು ಸಂಜೆ ಆರೂವರೆಗೆ ಬಂದೆ, ಅತ್ತೆ ಅವತ್ತು ತಾವೇ ಬಡಿಸಿದರು, ಎಂದೂ ಬಡಿಸದವರು, ಎದುರಿಗೇ ಕೂತರು, ಇನ್ನೊಂದು ತುತ್ತು ಅಂದರು, ಕೈ ತೊಳೆದು ಬಂದ ಮೇಲೆ, ನಿಮ್ಮಣ್ಣ ಫೋನ್ ಮಾಡಿದ್ದ, ಎಂದರು. ಅಮ್ಮ ನಾಲ್ಕು ಗಂಟೆಗೇ ಹೋಗಿದ್ದಳು. ಊಟ ಆಗ್ಲಿ ಅಂತ ಕಾದೆ, ಎಂದದ್ದು ಬಿಟ್ಟರೆ ಇವರು ಮತ್ತೇನೂ ಹೇಳಲಿಲ್ಲ, ಹತ್ತರಿಂದ ಆರೂವರೆಯವರೆಗೆ ಯಾವ ಊಟ ಎಂದು ನಾನು ಕೇಳಲಿಲ್ಲ, ಒಂದು ದಿನ ಕೇಳುತ್ತೇನೆ ಎಂದು ಇಟ್ಟುಕೊಂಡೆ, ಜಗಳದ ನಡುವೆ ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು, ಇನ್ನೂ ದೊಡ್ಡ ಜಗಳಕ್ಕಿರಲಿ ಎಂದು ನುಂಗಿದೆ, ಈಗ ಕೇಳಿದರೆ ಉತ್ತರ ಹೇಳಬೇಕಾದವರು ಈ ಮೈಯೊಳಗಿಲ್ಲ, ನನ್ನ ಅಣ್ಣ ಯಾರು, ಅಮ್ಮ ಯಾರು, ಗೋಡೆ ಯಾವುದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಎಂದಳು ಎದುರುಮನೆಯಾಕೆ, ನಾನು ಇಲ್ಲಿಗೆ ಹೊರಟದ್ದು ಕಂಡು, ಹಾಸ್ಯಕ್ಕೇ, ನಕ್ಕೆ, ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕುತ್ತ ಬಂದೆ — ನನ್ನ ಕಾಲ ಬಂದಿದೆ, ಬಂದ ಮೇಲೆ ಏನು ಮಾಡಬೇಕೋ ಗೊತ್ತಿಲ್ಲ, ಇಲ್ಲಿ ಬಿಟ್ಟರೆ ಅದು ಸೇಡೋ, ಮನೆಗೆ ಕರೆದೊಯ್ದು ಬೀಗ ಹಾಕಿದರೆ ಅದು ಸೇಡೋ, ಸೇಡಲ್ಲದ್ದು ಯಾವುದು.

ಆಫೀಸಿನಲ್ಲಿ ದೊಡ್ಡ ಸಿಸ್ಟರ್ ಒಂದು ಹಾಳೆ ಮುಂದಿಟ್ಟುಕೊಂಡು, ಇವರ ಬಗ್ಗೆ ಸ್ವಲ್ಪ ಹೇಳಿ ಮೇಡಂ, ನಮಗೆ ಗೊತ್ತಿದ್ರೆ ನೋಡಿಕೊಳ್ಳೋದು ಸುಲಭ, ಎಂದರು, ಯಾವ ಮಗ್ಗುಲಿಗೆ ಮಲಗ್ತಾರೆ, ಎಡ ಮಗ್ಗುಲು, ಮೊಣಕಾಲ ನಡುವೆ ಸಣ್ಣ ದಿಂಬು, ಮಾತ್ರೆ ಹೇಗೆ ತಗೋತಾರೆ, ಪುಡಿ ಮಾಡಿದರೆ ಉಗೀತಾರೆ, ಇಡೀ ಕೊಟ್ಟು ಆ ಕಡೆ ನೋಡಿದರೆ ನುಂಗ್ತಾರೆ, ಯಾವುದಕ್ಕೆ ಹೆದರ್ತಾರೆ, ತಲೆ ಮೇಲಿಂದ ನೀರು ಸುರಿದರೆ, ಕಾಲಿನಿಂದ ಶುರು ಮಾಡಬೇಕು, ಅತ್ತರೆ ಏನು ಮಾಡ್ತೀರಿ, ಏನೂ ಮಾಡಲ್ಲ, ಪಕ್ಕ ಕೂತು ಸ್ವೆಟರಿನ ಗುಂಡಿ ಬಿಚ್ಚಿ ಹಾಕ್ತೀನಿ, ಒಂದೊಂದೇ, ಆರು ಗುಂಡಿ ಆಗೋ ಹೊತ್ತಿಗೆ ನಿಲ್ಲುತ್ತೆ — ಎಲ್ಲಿಂದ ಬರುತ್ತಿದೆ ಇದೆಲ್ಲ ನನ್ನ ಬಾಯಿಗೆ, ಒಂದಕ್ಕೂ ತಡವರಿಸಲಿಲ್ಲ, ನನ್ನ ಸ್ವಂತ ಅಮ್ಮ ಯಾವ ಮಗ್ಗುಲಿಗೆ ಮಲಗುತ್ತಿದ್ದಳು ಎಂದರೆ ಹೇಳಲಾರೆ. ನೀವು ಮಗಳಾ, ಎಂದರು ಸಿಸ್ಟರ್, ಸೊಸೆ ಎಂದೆ, ಅವರು ಬರೆದುಕೊಂಡರು. ಮಂಚ ಖಾಲಿ ಇರೋದು ಇದೊಂದೇ ಮೇಡಂ, ನಾಲ್ಕು ಗಂಟೆಗೆ ಇನ್ನೊಂದು ಮನೆಯವರು ಬರ್ತಾರೆ, ಒತ್ತಾಯ ಇಲ್ಲ, ಇವತ್ತೇ ಬಿಡೋದಾದ್ರೆ ಸಾಮಾನು ನಾಳೆ ತಂದರೂ ನಡೆಯುತ್ತೆ, ಇಲ್ಲಾಂದ್ರೆ ಮುಂದಿನ ಮಂಚ ಯಾವಾಗ ಖಾಲಿಯಾಗುತ್ತೆ ಅಂತ ಹೇಳೋಕಾಗಲ್ಲ — ಮಂಚ ಹೇಗೆ ಖಾಲಿಯಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮೇಜು ನೋಡಿದೆವು. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ಗಂಡನಿಗೆ ಫೋನು ಮಾಡಿದೆ, ಹೇಗಿದೆ, ಎಂದ, ಚೆನ್ನಾಗಿದೆ ಎಂದೆ, ಕೇಳಿಸ್ತಾ ಎಂದೆ, ಕೇಳಿಸ್ತು, ಎಂದ, ಏನಾದ್ರೂ ಒಂದು ತಪ್ಪು ಸಿಕ್ಕೇ ಸಿಗುತ್ತೆ ಅಂದ್ಕೊಂಡಿದ್ದೆ, ಎಂದ, ದನಿ ಒಡೆದಿತ್ತು, ಹೊದಿಕೆಯ ಹೊಲಿಗೆ ಒಂದು ಕಡೆ ಹಾರಿದೆ ಎಂದೆ, ಅವನು ನಗಲಿಲ್ಲ, ನಿನಗೆ ಸರಿ ಅನ್ನಿಸಿದ್ದು ಮಾಡು ಎಂದ, ನನಗೆ ಸರಿ ಅನ್ನಿಸೋದು ಯಾವುದೂ ಇಲ್ಲ ಕಣ್ರೀ, ನೀವೊಂದು ಮಾತು ಹೇಳಿ, ಎಂದೆ, ಅವನು ಲೈನು ಕಡಿದ. ಸಹಿ ಮಾಡಿದೆ. ಮೂರು ಕಡೆ. ಪೆನ್ನು ಚೆನ್ನಾಗಿ ಬರೆಯಿತು, ಅದೂ ಕೈ ಕೊಡಲಿಲ್ಲ.

ಹೇಳಿ ಹೋಗಬೇಡಿ, ಎಂದರು ಸಿಸ್ಟರ್, ಚಹಾಕ್ಕೆ ಕರ್ಕೊಂಡು ಹೋಗ್ತೀವಿ, ಆಗ ಎದ್ದು ಹೋಗಿಬಿಡಿ, ಮೂರು ದಿನ ಕಷ್ಟ, ಆಮೇಲೆ ಒಗ್ಗಿಕೊಳ್ತಾರೆ — ಕಳ್ಳಿಯ ಹಾಗೆ ಹೋಗಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡು ಕೋಣೆಗೆ ಬಂದರೆ ಅತ್ತೆ ಮಂಚದ ಮೇಲಿಲ್ಲ, ನಿಂತಿದ್ದಾರೆ, ದಿಂಬನ್ನು ಕೊಡವಿ ಇಟ್ಟಿದ್ದಾರೆ, ನೀರಿನ ಲೋಟವನ್ನು ಕೈಗೆಟಕುವಲ್ಲಿ ಸರಿಸಿದ್ದಾರೆ, ನನ್ನ ಕೈಚೀಲ ಅವರ ಹೆಗಲಲ್ಲಿದೆ. ಬಾ ಅಕ್ಕ, ಕೂತ್ಕೋ, ಎಂದರು. ಕೂತೆ. ಕಾಲು ಮೇಲೆ ಇಡು, ಎಂದರು. ಇಟ್ಟೆ, ಚಪ್ಪಲಿ ಬಿಡಿಸಲು ಬಗ್ಗಿದರು, ನಾನೇ ಬಿಟ್ಟೆ. ಇಲ್ಲಿ ಚೆನ್ನಾಗಿದೆ, ನಾನು ಎಲ್ಲ ನೋಡ್ದೆ, ಹೆದರ್ಕೋಬೇಡ, ಗಾಳಿ ಬರುತ್ತೆ, ಕೆಮ್ಮು ಕಮ್ಮಿ ಆಗುತ್ತೆ, ಎಂದರು, ಯಾವ ಕೆಮ್ಮು, ನನಗೆ ಕೆಮ್ಮಿಲ್ಲ — ಆಗ ನೆನಪಾಯಿತು, ಗಂಡ ಒಂದೇ ಒಂದು ಸಲ ಹೇಳಿದ್ದ, ಅಮ್ಮನಿಗೆ ಒಬ್ಬಳು ಅಕ್ಕ ಇದ್ದಳಂತೆ, ಎದೆರೋಗ ಅಂತ ಎಲ್ಲೋ ಗುಡ್ಡದ ಆಸ್ಪತ್ರೆಯಲ್ಲಿ ಬಿಟ್ಟು ಬಂದರಂತೆ, ಅಮ್ಮ ಆಗ ಒಂಬತ್ತು ವರ್ಷದವಳು, ವಾಪಸು ಬರಲಿಲ್ಲವಂತೆ, ಮನೆಯಲ್ಲಿ ಆ ಸುದ್ದಿ ಎತ್ತುವ ಹಾಗಿರಲಿಲ್ಲ. ಅವತ್ತು ನನ್ನನ್ನ ಗೇಟ್ ಹತ್ರಾನೇ ನಿಲ್ಲಿಸಿಬಿಟ್ರು ಅಕ್ಕ, ಎಂದರು ಅತ್ತೆ, ಚಿಕ್ಕವರು ಒಳಗೆ ಬರಬಾರದು ಅಂದ್ರು, ನೀನು ಕಿಟಕಿಗೆ ಬಂದ್ಯಂತೆ, ನನಗೆ ಕಾಣ್ಲಿಲ್ಲ, ಈಗ ನಾನು ದೊಡ್ಡವಳು, ಭಾನುವಾರ ಬರ್ತೀನಿ, ಊಟ ಬಿಡಬೇಡ, ಊಟ ಆಗ್ಲಿ, ಮೊದಲು ಊಟ ಆಗ್ಲಿ. ನಾನು ಬಾಯಿ ತೆರೆದೆ, ಇಪ್ಪತ್ತಮೂರು ವರ್ಷ ಇಟ್ಟುಕೊಂಡದ್ದು ಬಾಯಲ್ಲಿತ್ತು, ಆದರೆ ಯಾರನ್ನು ಕೇಳಲಿ, ಎದುರಿಗಿದ್ದದ್ದು ಒಂಬತ್ತು ವರ್ಷದ ಹುಡುಗಿ, ಆಯ್ತು, ಬಾ, ಎಂದೆ, ಅಷ್ಟೇ ಬಂತು. ಅವರು ಹೊದಿಕೆಯನ್ನು ನನ್ನ ಪಾದದ ಮೇಲೆ ಎಳೆದು, ಎರಡೂ ಬದಿಗೆ ಒತ್ತಿ, ಎರಡು ಸಲ ತಟ್ಟಿದರು. ಆಯಾ ಬಂದು ಚಹಾಕ್ಕೆ ಹೋಗೋಣ್ವಾ ಎಂದಳು, ಕೈಚೀಲವನ್ನು ಮೆಲ್ಲಗೆ ಬಿಡಿಸಿ ಕುರ್ಚಿಯ ಮೇಲಿಟ್ಟಳು, ಅತ್ತೆ ಅವಳಿಗೆ, ಇವಳನ್ನ ಚೆನ್ನಾಗಿ ನೋಡ್ಕೊಳ್ಳಿ, ಎಂದರು, ದೊಡ್ಡವರ ದನಿ, ಬಾಗಿಲಲ್ಲಿ ತಿರುಗಿ ನೋಡಿದರು, ಬಿಟ್ಟು ಹೋಗುವವರು ನೋಡುವ ಹಾಗೆ, ಹೋದರು. ನಾನು ಮಂಚದಲ್ಲೇ ಇದ್ದೆ, ಏಳಬೇಕು, ಈಗಲೇ ಏಳಬೇಕು ಎಂದು ಗೊತ್ತು, ಹಜಾರದಿಂದ ಲೋಟಗಳ ಸದ್ದು, ಎದ್ದರೆ ಹೊದಿಕೆ ಕೆದರುತ್ತದೆ, ಅವರು ಒತ್ತಿಟ್ಟದ್ದು, ಹೇಗೋ ಎದ್ದೆ, ಹಿಂದಿನ ಬಾಗಿಲು, ಅಂಗಳ, ಗೇಟು, ಬಸ್ಸು, ಕಿಟಕಿಯ ಪಕ್ಕ ಸೀಟು, ಗಂಡ ಎರಡು ಸಲ ಫೋನು ಮಾಡಿದ, ಎತ್ತಲಿಲ್ಲ, ಏನು ಹೇಳಲಿ, ನಿಮ್ಮಮ್ಮನನ್ನು ಬಿಟ್ಟು ಬಂದೆ ಎನ್ನಲೋ, ಕಂಡಕ್ಟರು ಟಿಕೆಟ್ ಎಂದ, ಒಂದಾ ಎರಡಾ, ಎಂದ, ಒಂದು ಎಂದೆ, ನನ್ನ ಕಾಲ ಮೇಲೆ ಏನೂ ಇಲ್ಲ, ಬರಿಯ ಚಪ್ಪಲಿ, ಬಸ್ಸಿನ ಧೂಳು, ಆದರೂ ಅಲುಗಿಸಲಾಗುತ್ತಿಲ್ಲ, ಆ ಕೈ, ಪಾದದ ಮೇಲೆ ಎಳೆದು, ಎರಡೂ ಬದಿಗೆ ಒತ್ತಿ, ತಟ್ಟಿ, ಇನ್ನೊಮ್ಮೆ ತಟ್ಟಿ — ಆ ಕೈ, ಪಾದದ ಮೇಲೆ ಎಳೆದು, ಒತ್ತಿ, ತಟ್ಟಿ —