ಥೆಲ್ಮಾ ಕೂಡಿಸಿದ ಹಿಡಿ

ಲೈಮನ್ ಹಾಫ್ನರನ ಕೆನ್ನೆಯ ಮೇಲೆ ಕುರುಚಲು ಗಡ್ಡ ಕಂಡವರು ಅಮೆರಿಕದ ಆ ಲಿಟಲ್ ವ್ಯಾಲಿ ಊರಿನಲ್ಲಿ ಯಾರೂ ಇರಲಿಲ್ಲ. ಹಿಮ ಬಾಗಿಲ ಅರ್ಧಕ್ಕೆ ಏರಿ ಕೂತ ಬೆಳಗುಗಳಲ್ಲೂ, ಕಡೆಗೆ ಹೆಂಡತಿ ಥೆಲ್ಮಾಳನ್ನು ಮಣ್ಣು ಮಾಡಿದ ದಿನವೂ, ಅವನು ಅಡುಗೆಮನೆಯ ಕಿಟಕಿಗೆ ಕನ್ನಡಿ ಒರಗಿಸಿ, ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಹಿಂದೆ ಮುಂದೆ ಎಳೆದು, ನೀಟಾಗಿ ಕ್ಷೌರ ಮಾಡಿಕೊಂಡೇ ಹೊರಗೆ ಕಾಲಿಟ್ಟವನು.

ಅಂಗಡಿಗೆ ತೆಳು ಬ್ಲೇಡುಗಳು ಬಂದು ಎಷ್ಟೋ ಕಾಲವಾಗಿತ್ತು. ಅವನು ಅವನ್ನು ಮುಟ್ಟಿರಲಿಲ್ಲ. ಮಡಚುವ ಕ್ಷೌರದ ಕತ್ತಿಗಳಿಗೆ ಈ ಊರು ಹೆಸರಾಗಿದ್ದ ದಿನಗಳಲ್ಲಿ ಲೈಮನ್ ಕಾರ್ಖಾನೆಯಲ್ಲಿ ಅಲಗುಗಳಿಗೆ ಸಾಣೆ ಹಿಡಿಯುತ್ತಿದ್ದ. ಅಲಗಿನ ಎರಡೂ ಮಗ್ಗುಲನ್ನು ಒಳಕ್ಕೆ ತೋಡಿ ಅಂಚನ್ನು ಕಾಗದದಷ್ಟು ತೆಳ್ಳಗೆ ಮಾಡುವುದು ಅವನ ಕೆಲಸ. ಹಾಗೆ ತೆಳುವಾದ ಅಲಗು ಗಡ್ಡದ ಮೇಲೆ ಹಾಯುವಾಗ ಸಣ್ಣಗೆ ಗುನುಗುತ್ತದೆ. ಆ ಗುನುಗು ಕೇಳಿ ರೂಢಿಯಾದವನಿಗೆ ಬೇರೆ ಯಾವ ಕ್ಷೌರವೂ ಕ್ಷೌರವೆನಿಸುವುದಿಲ್ಲ.

ಥೆಲ್ಮಾ ಇದ್ದದ್ದು ಮೇಲಿನ ಅಂತಸ್ತಿನಲ್ಲಿ, ಹಿಡಿ ಕೂಡಿಸುವ ಹೆಂಗಸರ ಕೋಣೆಯಲ್ಲಿ. ಕ್ಷೌರದ ಕತ್ತಿಗಳನ್ನು ಬಿಟ್ಟು ಅಡುಗೆ ಚಾಕುಗಳಿಗೆ ಇಳಿಯುವುದೆಂದು ಕಾರ್ಖಾನೆ ತೀರ್ಮಾನಿಸಿದಾಗ, ತಮಗೆಂದು ಒಂದೊಂದು ಕತ್ತಿ ಮಾಡಿಕೊಳ್ಳಲು ಕೆಲಸಗಾರರಿಗೆ ಬಿಟ್ಟರು. ಲೈಮನ್ ಅಲಗನ್ನು ಮಾಡಿದ. ಜೇನು ಮತ್ತು ಕೆನೆಯ ಬಣ್ಣ ಬೆರೆತ ಸೆಲ್ಯುಲಾಯ್ಡ್ ಎಂಬ ಆ ಕಾಲದ ಪ್ಲಾಸ್ಟಿಕ್ಕಿನ ಹಾಳೆಯನ್ನು ಆರಿಸಿ, ಕತ್ತರಿಸಿ, ಅರದಿಂದ ಉಜ್ಜಿ ಥೆಲ್ಮಾ ಹಿಡಿ ಮಾಡಿದಳು. ಅದರ ಮರುವಸಂತದಲ್ಲಿ ಅವರ ಮದುವೆಯಾಯಿತು. ಮಕ್ಕಳಾಗಲಿಲ್ಲ. ಊಟದ ಮೇಜಿನಲ್ಲಿ ಅವರಿಬ್ಬರ ಕುಚೋದ್ಯದ ಜಗಳವೆಂದರೆ ಇದೊಂದೇ: ಕತ್ತಿಯಲ್ಲಿ ಯಾರ ಪಾಲು ಹೆಚ್ಚು? "ನಿನ್ನ ಅಲಗಿನಲ್ಲಿ ಒಂದು ಕಡೆ ಅಲೆ ಎದ್ದಿದೆ. ನನ್ನ ಹಿಡಿಯಲ್ಲಿ ಒಂದು ಗೀರು ತೋರಿಸು ನೋಡೋಣ" ಎನ್ನುತ್ತಿದ್ದಳು ಥೆಲ್ಮಾ. ಅವನು ತೋರಿಸಲಾಗದೆ ಸೋಲುತ್ತಿದ್ದ.

ಅವಳು ಹೋಗಿ ಮೂರನೆಯ ಚಳಿಗಾಲ ಅದು. ಪಕ್ಕದ ಬೀದಿಯ ಮರ್ಲ್ ಬ್ರಾಂಡ್, ಕಾರ್ಖಾನೆಯ ಹಳೆಯ ಜೊತೆಗಾರ, ಶನಿವಾರದ ಕಾಫಿಗೆ ಬಂದಿದ್ದ. ಮರ್ಲ್‌ಗೆ ಹಳೆಯ ಅಮೆರಿಕನ್ ಕತ್ತಿಗಳೆಂದರೆ ಪ್ರಾಣ. ಹಳ್ಳಿಗಳ ಹರಾಜು, ಸತ್ತವರ ಮನೆಯ ಸಾಮಾನು ಮಾರಾಟ, ಎಲ್ಲವನ್ನೂ ಸುತ್ತಿ ಕತ್ತಿಗಳನ್ನು ಆರಿಸಿ ತರುವುದು ಅವನ ಗೀಳು. ಅವತ್ತು ಲೈಮನನ ಕತ್ತಿಯನ್ನು ಕೈಗೆತ್ತಿಕೊಂಡವನು ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದ. ಹಿಡಿಯ ಒಂದು ಮೂಲೆ ಮಂಜು ಕವಿದಂತೆ ಮಬ್ಬಾಗಿತ್ತು, ಒಳಗೆ ಕೂದಲೆಳೆಯಂಥ ಬಿರುಕುಗಳು ಎದ್ದಿದ್ದವು.

"ಲೈಮನ್, ಇದರ ಹಿಡಿಗೆ ಕೊಳೆರೋಗ ಹಿಡಿದಿದೆ ಕಣೋ."

"ನಿನ್ನ ಮೂಗಿಗೆ ಹಿಡಿದಿರಬೇಕು."

"ತಮಾಷೆ ಅಲ್ಲ. ಸೆಲ್ಯುಲಾಯ್ಡ್ ಹೀಗೆ ತಿರುಗಿಕೊಂಡರೆ ಮುಗೀತು, ಅದರಿಂದ ಬರೋ ಆವಿ ಉಕ್ಕನ್ನು ತಿಂದುಹಾಕುತ್ತೆ. ನನ್ನ ಒಂದು ಪೆಟ್ಟಿಗೆ ಕತ್ತಿ ಪೂರ್ತಿ ಹೋಯ್ತಲ್ಲ, ಹೋದ ಬೇಸಿಗೆ. ಹಿಡಿ ತೆಗೆದು ಎಸೆ. ಅಲಗಾದರೂ ಉಳಿಯುತ್ತೆ."

ಲೈಮನ್ ಕತ್ತಿಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿದ. ಕಾಫಿ ತಣ್ಣಗಾಗುತ್ತಿದೆ ಎಂದಷ್ಟೇ ಹೇಳಿದ.

ಮರ್ಲ್ ಬಿಡುವ ಆಸಾಮಿಯಲ್ಲ. ಬಂದಾಗಲೆಲ್ಲ ಅದನ್ನೇ ಎತ್ತಿದ. ಅಲಗು ಮಾಡಿದ್ದು ನೀನೇ, ನಿನ್ನ ಕೈಕೆಲಸ ನಿನ್ನ ಕಣ್ಣೆದುರೇ ಹಾಳಾಗುವುದನ್ನು ನೋಡುತ್ತ ಕೂರುತ್ತೀಯಾ ಎಂದು ಕೇಳಿದ. ಲೈಮನ್ ಪ್ರತಿದಿನ ಕ್ಷೌರದ ನಂತರ ಹಿಡಿಯನ್ನು ಒರೆಸಿ ಕಿಟಕಿಯ ಗಾಳಿಗೆ ಇಟ್ಟು ನೋಡಿದ. ಏನೂ ಪ್ರಯೋಜನವಾಗಲಿಲ್ಲ. ಜೇನಿನ ಬಣ್ಣ ದಿನೇ ದಿನೇ ಹಳದಿ ಪುಡಿಗೆ ತಿರುಗಿತು. ಒಂದು ಬೆಳಿಗ್ಗೆ ಅಲಗಿನ ಬುಡದಲ್ಲಿ ಕಂದು ಚುಕ್ಕೆಗಳು ಕಂಡವು. ಅವತ್ತು ಗದ್ದದ ಕೆಳಗೆ ಮೊದಲ ಬಾರಿಗೆ ಕತ್ತಿ ತರಚಿತು.

ಅಲಗು ಉಳಿಯಲಿ ಎಂಬ ಆಸೆ ಅವನಿಗೆ ನಿಜವಾಗಿ ಇರಲಿಲ್ಲ. ಆದರೆ ಥೆಲ್ಮಾಳ ಹಿಡಿಯೇ ಅದನ್ನು ಕೊಂದಿತು ಎಂದಾಗುವುದು ಅವನಿಂದ ಸಹಿಸಲಾಗಲಿಲ್ಲ. ಆ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಸಣ್ಣ ಸುತ್ತಿಗೆಯಿಂದ ಹಿಡಿಯ ಕಿರುಮೊಳೆಗಳನ್ನು ಒಂದೊಂದಾಗಿ ಹೊರತೆಗೆದ. ಒಂದು ಮಗ್ಗುಲು ಬಿಚ್ಚುತ್ತಿದ್ದಂತೆ ಬೆರಳಲ್ಲೇ ಚೂರಾಯಿತು. ಇನ್ನೊಂದು ಹೇಗೋ ಇಡಿಯಾಗಿ ಬಂತು. ಅದನ್ನು ಮಗುಚಿ ಬೆಳಕಿಗೆ ಹಿಡಿದ.

ಒಳಮೈಯಲ್ಲಿ, ಅಲಗು ಮಡಚಿಕೊಳ್ಳುವ ಜಾಗದಲ್ಲಿ, ಓರೆಯಾದ ಒಂದು ಉದ್ದನೆಯ ಗೀರು ಇತ್ತು. ಅರ ಜಾರಿತ್ತು. ಅದನ್ನು ಉಜ್ಜಿ ಅಳಿಸಲು ಥೆಲ್ಮಾ ಹೆಣಗಿದ್ದ ಗುರುತುಗಳೂ ಇದ್ದವು. ಆಗದೆ, ಆ ಮುಖವನ್ನು ಒಳಗೆ ಮಾಡಿ ಮೊಳೆ ಹೊಡೆದು ಮುಚ್ಚಿಬಿಟ್ಟಿದ್ದಳು.

"ಅಯ್ಯೋ ಕಳ್ಳಿ" ಎಂದ ಲೈಮನ್, ಗಟ್ಟಿಯಾಗಿ. ಅವನಿಗೆ ನಗು ಬಂತು. ಗೆದ್ದೆನೆಂದು ತಿರುಗಿ ನೋಡಿದ. ಒಲೆಯ ಬಳಿ ಅವಳ ಏಪ್ರನ್ ತೂಗುಹಾಕುತ್ತಿದ್ದ ಗೂಟ ಖಾಲಿ ಇತ್ತು. ಅವಳಿಗೆ ಹೇಳಲಾಗದ ಮೇಲೆ ಆ ಗೆಲುವನ್ನು ಇಟ್ಟುಕೊಂಡು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

ಕಸದ ಡಬ್ಬಿಗೆ ಹಾಕಲು ಮನಸ್ಸು ಬರಲಿಲ್ಲ. ಚೂರುಗಳನ್ನೂ ಗೀರಿದ್ದ ಮಗ್ಗುಲನ್ನೂ ಬಟ್ಟೆಯಲ್ಲಿ ಕಟ್ಟಿ ಹಿತ್ತಲಿಗೆ ಒಯ್ದು, ಹಿಮ ಸರಿಸಿ, ಒಂದು ಚಪ್ಪಡಿಯ ಮೇಲೆ ಸುರಿದು ಕಡ್ಡಿ ಗೀರಿದ. ಬುಸ್ಸೆಂದು ಆಳೆತ್ತರ ಬೆಂಕಿ ಎದ್ದಿತು, ಅವನು ಹಿಂದೆ ಸರಿಯುವಷ್ಟರಲ್ಲಿ ಇಳಿದೂಹೋಯಿತು. ಉಳಿದದ್ದು ಕರ್ಪೂರದ ವಾಸನೆ. ಸೆಲ್ಯುಲಾಯ್ಡಿಗೆ ಕರ್ಪೂರ ಬೆರೆಸುತ್ತಿದ್ದರು. ಮದುವೆಗೆ ಮುಂಚಿನ ದಿನಗಳಲ್ಲಿ ಸಂಜೆ ಕಾರ್ಖಾನೆಯಿಂದ ಹೊರಬಂದ ಥೆಲ್ಮಾಳ ಕೂದಲಿಗೂ ಅಂಗೈಗೂ ಆ ವಾಸನೆ ಇರುತ್ತಿತ್ತು. ಲೈಮನ್ ಅದು ಚಳಿಗಾಳಿಯಲ್ಲಿ ಕರಗುವವರೆಗೂ ಅಲ್ಲೇ ನಿಂತಿದ್ದ.

ಮರ್ಲ್ ಅಲಗಿನ ಕಲೆಗಳನ್ನು ತೆಗೆದು ಅಕ್ರೋಟು ಮರದ ಒಳ್ಳೆಯ ಹಿಡಿ ಮಾಡಿಕೊಟ್ಟ. ಲೈಮನ್ ಅದನ್ನು ಒಮ್ಮೆ ಕೆನ್ನೆಯ ಹತ್ತಿರ ತಂದ. ತೂಕ ಬೇರೆಯಾಗಿತ್ತು, ಬೆರಳು ಜಾಗಕ್ಕೆ ತಡಕಾಡಿತು. ಮುಖದ ನೊರೆಯನ್ನು ತೊಳೆದುಕೊಂಡು, ಕತ್ತಿಯನ್ನು ನಿನ್ನ ಪೆಟ್ಟಿಗೆಯಲ್ಲೇ ಇಟ್ಟುಕೋ ಎಂದು ಮರ್ಲ್‌ಗೆ ಕೊಟ್ಟ.

ಗಡ್ಡ ಬೆಳೆಯಿತು. ಬಿಳಿಯದು, ತೇಪೆ ತೇಪೆಯಾಗಿ. ಹೋಟೆಲಿನಲ್ಲಿ ಮೊದಲು ನಕ್ಕರು, ಬರುಬರುತ್ತ ನಗುವುದನ್ನು ಬಿಟ್ಟರು. ಅವನು ಅಲ್ಲಿಗೆ ಹೋಗುವುದನ್ನೂ ಬಿಟ್ಟ. ಹಿಮ ಕರಗಲು ತೊಡಗಿದ ಒಂದು ಬೆಳಿಗ್ಗೆ ಮರ್ಲ್ ಬಂದವನೇ ಅವನ ಕೋಟನ್ನು ಎತ್ತಿಕೊಟ್ಟ.

"ಏಳು. ಸ್ಯಾಂಟೊ ಹತ್ರ ಹೋಗೋಣ."

"ಬೇರೆಯವರ ಕೈಯಲ್ಲಿ ನಾನು ಯಾವತ್ತೂ ಮಾಡಿಸಿಕೊಂಡಿಲ್ಲ."

"ಗೊತ್ತು. ಏಳು."

ಸ್ಯಾಂಟೊ ಊರಿನ ಕ್ಷೌರಿಕ, ಮಾತಿನ ಮಲ್ಲ. ಲೈಮನನ ಗಡ್ಡ ಕಂಡು ಅವತ್ತು ಹವಾಮಾನದ ಮಾತಷ್ಟೇ ಆಡಿದ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಅವನ ಮುಖಕ್ಕೆ ಸುತ್ತಿದ. ಕತ್ತಲಾಯಿತು. ಥೆಲ್ಮಾ ಹೋದಮೇಲೆ ಅವನ ಮುಖವನ್ನು ಇನ್ನೊಬ್ಬರ ಕೈ ಮುಟ್ಟಿದ್ದು ಅದೇ ಮೊದಲು. ಮಣ್ಣು ಮಾಡಿದ ದಿನವೂ ಅಳದಿದ್ದವನ ಭುಜಗಳು ಹೊದಿಸಿದ ಬಟ್ಟೆಯಡಿ ಅಲುಗತೊಡಗಿದವು.

ಸ್ಯಾಂಟೊ ಮರ್ಲ್ ಕಡೆ ಒಮ್ಮೆ ನೋಡಿದ. ಟವೆಲನ್ನು ತೆಗೆಯಲಿಲ್ಲ. ಪೊರಕೆ ತಂದು, ಗುಡಿಸಿದ್ದ ನೆಲವನ್ನೇ ಮತ್ತೆ ಗುಡಿಸಿದ. ಇನ್ನೊಂದು ಟವೆಲನ್ನು ಬಿಸಿಮಾಡಿ ತಂದು ಬದಲಾಯಿಸುವಾಗ ಬೇರೆ ಕಡೆ ನೋಡಿದ. ಕಡೆಗೆ ಅದನ್ನು ತೆಗೆದು ಕೇಳಿದ:

"ಬಿಸಿ ಜಾಸ್ತಿ ಆಯ್ತೇನೋ, ಮಿಸ್ಟರ್ ಹಾಫ್ನರ್. ಕಣ್ಣು ಕೆಂಪಾಗಿದೆ."

"ಹೂಂ" ಎಂದ ಲೈಮನ್. "ಸ್ವಲ್ಪ ಬಿಸಿ."

ಸ್ಯಾಂಟೊ ತಲೆಯಾಡಿಸಿ ಬಟ್ಟಲಿನಲ್ಲಿ ನೊರೆ ಎಬ್ಬಿಸತೊಡಗಿದ.