ಮೊದಲು ರೊಟ್ಟಿ

ಹೊರರಾಜ್ಯದ ನರೋಡಾದ ಬಣ್ಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಜನಾರ್ದನನಿಗೆ, ಯಾರೂ ಬರೆದುಕೊಡದ ಇನ್ನೊಂದು ಕೆಲಸವಿತ್ತು. ಅಲ್ಲಿ ದುಡಿಯುವ ಕನ್ನಡದವರು ಯಾರಾದರೂ ಸತ್ತರೆ ಮನೆಗೆ ಸುದ್ದಿ ಒಯ್ಯುವವನು ಅವನೇ. ಏನು ಹೇಳಬೇಕೆಂಬುದು ಮ್ಯಾನೇಜರನ ಅಪ್ಪಣೆ: ಸಣ್ಣ ಪೆಟ್ಟಾಗಿದೆ, ಆಸ್ಪತ್ರೆಗೆ ಬನ್ನಿ. ಅಳು, ಗದ್ದಲವೆಲ್ಲ ಅಲ್ಲೇ ಆಗಲಿ, ಕಾಲೊನಿಯಲ್ಲಿ ಬೇಡವೆಂದು.

ಎಪ್ಪತ್ತೆಂಟರ ಹೋಳಿಯ ಹೊತ್ತಿಗೆ ಆ ಮಾತನ್ನು ನಂಬಿದ ಪದ್ಮಾ, ಗಂಡನಿಗೆಂದು ಗಂಜಿ ಮಾಡಿ ಊಟದ ಕ್ಯಾರಿಯರಿನಲ್ಲಿ ತುಂಬಿಕೊಂಡು ಶವಾಗಾರದ ಬಾಗಿಲವರೆಗೂ ಬಂದಿದ್ದಳು. ಅಂದು ಜನಾರ್ದನನ ಜೊತೆಗಿದ್ದ ಫಿಟ್ಟರ್ ವಿಠ್ಠಲ ಹಿಂದಿರುಗುವಾಗ ಹೇಳಿದ್ದ: "ನನಗೇನಾದರೂ ಆದರೆ ರುಕ್ಮಿಣಿಗೆ ನೇರ ಹೇಳಿಬಿಡಿ ಮಾರಾಯ್ರೆ. ಅವಳ ಕೈಯಲ್ಲಿ ಆ ಕ್ಯಾರಿಯರ್ ಬೇಡ."

ಅದೇ ವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ಆಸಿಡ್ ಪೈಪು ಒಡೆದು ವಿಠ್ಠಲ ಸತ್ತ.

ಆಸ್ಪತ್ರೆಯ ಜಗಲಿಯಲ್ಲಿ ಮಂಗಳೂರಿನ ನರ್ಸ್ ಸೆವ್ರಿನ್ ಬಾಯಿ ತನ್ನ ಪಾಲಿನ ಚಹಾವನ್ನು ಜನಾರ್ದನನ ಕೈಗಿಟ್ಟಳು.

"ನಿಮ್ಮ ಬೈಬಲಿನಲ್ಲಿ ದೇವದೂತರು ಸುದ್ದಿ ತರ್ತಾರಂತಲ್ಲ ಬಾಯಿ, ಹೇಗೆ ಶುರು ಮಾಡ್ತಾರೆ?"

"ಹೆದರಬೇಡ ಅಂತ."

"ನಾನು ಹಾಗಂದರೆ ಯಾರು ನಂಬ್ತಾರೆ? ನನ್ನನ್ನು ಕಂಡರೇ ಜನ ಬಾಗಿಲು ಹಾಕ್ತಾರೆ."

ಆಕೆ ಪಕ್ಕದಲ್ಲಿ ಕೂತಳು. "ಎಲೀಯ ಅಂತ ಒಬ್ಬ ಪ್ರವಾದಿ. ಸಾಕು, ಪ್ರಾಣ ತಗೋ ದೇವರೇ ಅಂತ ಗಿಡದ ಕೆಳಗೆ ಮಲಗಿದ್ದ. ದೂತ ಬಂದು ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎದ್ದು ತಿನ್ನು, ದಾರಿ ದೂರ ಇದೆ ಅಂದ. ಬೇರೆ ಸುದ್ದಿಯೇ ಇಲ್ಲ." ಮತ್ತೆ ಕೇಳಿದಳು, "ದೂತರು ಕಳಿಸಿದವನ ಮಾತನ್ನೇ ಹೇಳೋದು ಜನಾರ್ದನರೇ. ನಿಮ್ಮನ್ನು ಕಳಿಸಿದ್ದು ಯಾರು?"

ಮ್ಯಾನೇಜರ್ ಎನ್ನಲು ಹೊರಟವನಿಗೆ ವಿಠ್ಠಲನ ಮಾತು ನೆನಪಾಯಿತು; ಚಹಾದ ಲೋಟ ಕೆಳಗಿಟ್ಟು ಎದ್ದ.

ವಿಠ್ಠಲನ ಮನೆಯ ಬಾಗಿಲು ತೆರೆದ ಅವನ ಹೆಂಡತಿ ರುಕ್ಮಿಣಿ, ಜನಾರ್ದನನನ್ನು ಕಂಡು ಅವನ ಮುಖ ನೋಡಿ ಚೌಕಟ್ಟು ಹಿಡಿದುಕೊಂಡಳು. "ಸಣ್ಣ ಪೆಟ್ಟು, ಅಲ್ವಾ ಜನಾರ್ದನಣ್ಣ? ಒಂದು ಗಳಿಗೆ, ಗಂಜಿ ಇಡ್ತೇನೆ." ಕೈ ಆಗಲೇ ಶೆಲ್ಫಿನ ಮೇಲಿನ ಕ್ಯಾರಿಯರಿಗೆ ಚಾಚಿತ್ತು.

"ಬೇಡ ರುಕ್ಮಿಣಿ. ವಿಠ್ಠಲ ಹೋಗಿಬಿಟ್ಟ. ಬೆಳಿಗ್ಗೆಯೇ."

ಕ್ಯಾರಿಯರ್ ಬಿದ್ದು ಉರುಳಿತು. ಕನ್ನಡದ ಒಂದಕ್ಷರವೂ ತಿಳಿಯದ ಪಕ್ಕದ ಮನೆಯ ಕಾಂತಾಬೆನ್ ಬಂದು, ಏನೂ ಕೇಳದೆ ನೆಲದ ಮೇಲೆ ಕೂತು, ಅವಳ ತಲೆಯನ್ನು ಮಡಿಲಿಗೆಳೆದುಕೊಂಡಳು.

ಅವಳನ್ನು ಆಸ್ಪತ್ರೆಗೆ ಒಯ್ಯಲು ಕೆಳಗೆ ಕಾದಿದ್ದ ಕಾರ್ಖಾನೆಯ ಜೀಪು ಎರಡು ಸಲ ಹಾರ್ನ್ ಹಾಕಿತು. ಅಪ್ಪಣೆ ಮೀರಿದ್ದಕ್ಕೆ ನಾಳೆ ತನ್ನ ನೌಕರಿ ಇರಲಿಕ್ಕಿಲ್ಲ ಎಂದುಕೊಂಡ ಜನಾರ್ದನ. ತನ್ನ ಮನೆಯಲ್ಲಿ ಎಂದೂ ಒಲೆಯ ಮುಖ ನೋಡದವನು ಸ್ಟೋವ್ ಹಚ್ಚಿ, ಡಬ್ಬಿಗಳನ್ನು ಹುಡುಕಿ, ಅಕ್ಕಿ ತೊಳೆದು ಗಂಜಿಗಿಟ್ಟ.

ಗಂಜಿ ಎರಡು ಸಲ ಆರಿತು, ಎರಡು ಸಲ ಬಿಸಿಯಾಯಿತು. ಮಧ್ಯಾಹ್ನ ಕಳೆದ ಮೇಲೆ ರುಕ್ಮಿಣಿ ಮೂರು ಚಮಚ ಕುಡಿದಳು.

"ಊರಿಗೆ ಟ್ರಂಕ್ ಕಾಲ್ ನಾನೇ ಮಾಡ್ತೇನೆ" ಎಂದಳು. "ಅತ್ತೆಯನ್ನು ಅಂಗಡಿಯ ಫೋನಿಗೆ ಕರೆಸ್ತಾರೆ. ಏನಂತ ಶುರು ಮಾಡಲಿ ಅಣ್ಣಾ?"

"ಊಟ ಆಯಿತಾ ಕೇಳು" ಎಂದ ಜನಾರ್ದನ. "ಆಗದಿದ್ದರೆ ಉಂಡು ಬರಲಿಕ್ಕೆ ಹೇಳು. ನಾವು ಕಾಯುವ."