ಒಬ್ಬಟ್ಟು ತಿಂದು ಸೋತ ಚಡುಗುಡು

ನಮ್ಮ ಕಣದಲ್ಲೇ ನಮ್ಮ ಹುಡುಗರು ಸೋತರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರನ್ನು ಸೋಲಿಸಿದ್ದು ಒಬ್ಬಟ್ಟು. ಈ ಮಾತನ್ನು ಕೊಳ್ಳೇಗಾಲದ ಸಂತೆಯಲ್ಲಿ ಹೇಳಿದ್ದಕ್ಕೆ ಜನ ನಗಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು ಪುಟ್ಟಮಲ್ಲಪ್ಪ ನಿನ್ನ ಕಥೆ, ಎಂದರು. ನಗಲಿ, ಅವರ ಹಲ್ಲು ಅವರದು. ಅವರಾರೂ ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಇರಲಿಲ್ಲ.

ಶ್ರಾವಣದ ಮೊದಲ ಸೋಮವಾರ ನಮ್ಮೂರಿಗೂ ಯಳಂದೂರು ಕಡೆಯ ಒಂದು ಊರಿಗೂ ಚಡುಗುಡು ಪಂದ್ಯ ನಡೆಯುವುದು ಹಿರಿಯರ ಕಾಲದಿಂದ ಬಂದದ್ದು. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಾಗಾಗಿ ಗಂಡಸರಿಗೆಲ್ಲ ಬಿಡುವು. ನಾವು ಮದ್ರಾಸು ಸರ್ಕಾರದವರು, ಹೊಳೆಯಾಚೆಯ ಅವರು ಮೈಸೂರು ಸೀಮೆಯವರು. ಆಡುವ ಮಾತು ಒಂದೇ, ಹರಕೆ ಹೊರುವ ಮಾದಪ್ಪನೂ ಒಬ್ಬನೇ, ಹೆಣ್ಣು ಕೊಟ್ಟು ತರುವುದೂ ಉಂಟು. ಆದರೂ ಆ ಒಂದು ದಿನ ಮಾತ್ರ ಅವರು ಪರದೇಶದವರು. ಅವರು ನಮ್ಮ ಕಣದಲ್ಲಿ ಗೆದ್ದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ನಾನು ಆಡುವವನಲ್ಲ. ಉಸಿರು ಕಟ್ಟಿ ಚಡುಗುಡು ಎನ್ನುತ್ತ ಗೆರೆ ದಾಟಿ, ಎದುರಾಳಿಯನ್ನು ಮುಟ್ಟಿ, ಸಿಕ್ಕಿಬೀಳದೆ ವಾಪಸು ಬರುವಷ್ಟು ಉಸಿರು ನನಗೆ ಎಳೆಯ ವಯಸ್ಸಿನಲ್ಲೂ ಇರಲಿಲ್ಲ. ಆದರೆ ಗೆರೆಯಾಚೆ ನಿಂತು ಕೂಗುವುದಕ್ಕೆ ಪುಟ್ಟಮಲ್ಲಪ್ಪನಿಗೆ ಉಸಿರು ಸಾಲದು ಎಂದು ಈ ಸೀಮೆಯಲ್ಲಿ ಯಾರೂ ಹೇಳಲಾರರು.

ಆ ವರ್ಷ ನನ್ನ ಗ್ರಹಚಾರ ಬೇರೆ ಇತ್ತು. ಅವರ ಊರಿನ ದೊಡ್ಡ ಆಟಗಾರ ವೃಷಭೇಂದ್ರಪ್ಪ ನನ್ನ ಅಳಿಯನೇ ಆಗಿಬಿಟ್ಟಿದ್ದ. ಬೇಸಿಗೆಯಲ್ಲಿ ಮದುವೆಯಾಗಿ ಹೋದ ನನ್ನ ಒಬ್ಬಳೇ ಮಗಳು ಶಿವರತ್ನಮ್ಮ ಆಷಾಢಕ್ಕೆ ತವರಿಗೆ ಬಂದಿದ್ದಳು. ಅವಳಿಲ್ಲದ ಆ ದಿನಗಳಲ್ಲಿ ನಮ್ಮ ಹಟ್ಟಿ, ಮನೆಗೆ ನಾವು ಹಾಗೇ ಅನ್ನುವುದು, ಹೇಗೆ ಬಿಕೋ ಅನ್ನುತ್ತಿತ್ತು ಎನ್ನುವುದನ್ನು ನಾನು ಹೆಂಡತಿಯ ಹತ್ತಿರವೂ ಹೇಳಿರಲಿಲ್ಲ. ಈಗ ಆಷಾಢ ಮುಗಿದಿತ್ತು. ಮಗಳನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ.

ಪಂದ್ಯದ ದಿನ ಬೆಳಿಗ್ಗೆಯೇ ಅಳಿಯ ತನ್ನ ತಂಡದ ಜೊತೆ ಬಂದು ನಮ್ಮ ಜಗಲಿಯ ಮೇಲೆ ಕೂತ.

“ಮಾವ, ಸಂಜೆ ರತ್ನನ ಜೊತೇಲೇ ಕರ್ಕಂಡ್ ಓಯ್ತೀನಿ,” ಎಂದ.

“ಮುಂದಿನ ತಿಂಗ್ಳು ಗೌರಿ ಹಬ್ಬ ಅಲ್ವರಾ ಅಳಿಯಂದ್ರೆ,” ಎಂದೆ. “ಓಗದು, ತಿರ್ಗ ಬರದು, ಯಾಕ್ ಸುಮ್ನೆ ಕಾಲ್ ಸವೆಸದು? ಗೌರಿ ಮುಗುಸ್ಕಂಡೇ ಬರ್ಲಿ ಬುಡಿ.”

“ಗೌರಿ ಆದ್ಮೇಲೆ ದೀವಳಿಗೆ ಅಂತೀರಿ.”

ಅದೇ ಮಾತನ್ನು ಹೇಳಬೇಕೆಂದಿದ್ದ ನನಗೆ ರೇಗಿಹೋಯಿತು. ಜಗಲಿಯ ತುಂಬ ಜನ ಬೇರೆ. “ಇವತ್ತು ನಮ್ಮ ಕಣದಲ್ಲಿ ನೀವು ಗೆದ್ರೆ ಇವತ್ತೇ ಕರ್ಕಂಡ್ ಓಗಿ,” ಎಂದುಬಿಟ್ಟೆ. “ಸೋತ್ರೆ ದೀವಳಿಗೆಗಂಟ ಈ ಕಡೆ ತಲೆ ಆಕ್ಬ್ಯಾಡಿ.”

“ಆಗ್ಲಿ ಮಾವ,” ಎಂದ ಅಳಿಯ, ನಗುನಗುತ್ತಲೇ.

ಒಳಗೆ ರತ್ನ ಒರಳಲ್ಲಿ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಳು. ನನ್ನ ಮಾತು ಮುಗಿದಾಗ ಒರಳಿನ ಸದ್ದು ಒಂದು ಗಳಿಗೆ ನಿಂತಿತು, ಆಮೇಲೆ ಮೊದಲಿಗಿಂತ ಜೋರಾಯಿತು. ಅಪ್ಪ ಎಲ್ಲಿ ಸೋತುಬಿಡುತ್ತಾನೋ ಎಂದು ಮಗಳು ಹೆದರಿದಳು ಅಂದುಕೊಂಡೆ.

ಹೆದರಬೇಕಾದ್ದು ಏನೂ ಇರಲಿಲ್ಲ. ನನ್ನ ಹತ್ತಿರ ಉಪಾಯವಿತ್ತು. ಹೊಸ ಅಳಿಯ ಮನೆಗೆ ಬಂದರೆ ಒಬ್ಬಟ್ಟಿನ ಊಟ ಆಗಲೇಬೇಕು. ಒಬ್ಬಟ್ಟು, ಮೇಲೆ ತುಪ್ಪ, ಅದರ ಮೇಲೆ ಮಾವನ ಬಲವಂತ. ಇಷ್ಟಾದ ಮೇಲೆ ಯಾವ ಭೀಮ ಗೆರೆ ದಾಟಿ ಓಡುತ್ತಾನೆ? ಆದರೆ ಅಳಿಯನನ್ನು ಒಂಟಿಯಾಗಿ ಊಟಕ್ಕೆ ಕೂರಿಸುವ ಹಾಗಿಲ್ಲ, ಹೆಣ್ಣಿನ ಕಡೆಯ ಗಂಡಸರು ಪಂಕ್ತಿಯಲ್ಲಿ ಜೊತೆಗೆ ಕೂರಬೇಕು. ಪಂಕ್ತಿಯಲ್ಲಿ ಒಬ್ಬರದು ಮುಗಿಯುವ ತನಕ ಇನ್ನೊಬ್ಬರು ಎಲೆ ಬಿಟ್ಟು ಏಳುವಂತಿಲ್ಲ. ಆದ್ದರಿಂದ ನಮ್ಮ ತಂಡದ ಏಳೂ ಜನರನ್ನು ಬಾವಮೈದುನರ ಲೆಕ್ಕದಲ್ಲಿ ಊಟಕ್ಕೆ ಹೇಳಿದೆ. ಬಲವಂತ ಮಾಡುವ ಬಾಯಿ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ!

“ಆಡೋ ಐಕ್ಳಿಗೆ ಒಟ್ಟೆ ಬಿರಿಯಂಗೆ ಬಡ್ಸಿದ್ರೆ ಓಡ್ತಾವಾ?” ಎಂದು ನನ್ನ ಹೆಂಡತಿ ಪುಟ್ಟಬಸಮ್ಮ ಕೇಳಿದಳು.

“ಅವು ತಿಂದಂಗೆ ಮಾಡ್ತಾವೆ ಕಣಮ್ಮಿ. ನಾನ್ ಯೋಳಿವ್ನಿ,” ಎಂದೆ. ನಿಜವಾಗಿಯೂ ಹೇಳಿದ್ದೆ. ತಂಡದ ಯಜಮಾನ ಸಿದ್ದಮಲ್ಲಪ್ಪ, ಹಿಡಿದರೆ ಉಡದ ಪಟ್ಟು ಅವನದು, “ತುದಿ ಮುರ್ಕಂಡು ಸುಮ್ನೆ ಆಡುಸ್ತಾ ಕುಂತಿರ್ತೀವಿ ಬುಡಣ್ಣ,” ಎಂದು ಮಾತು ಕೊಟ್ಟಿದ್ದ.

ಮರೆತದ್ದು ಒಂದೇ. ಅದು ಶ್ರಾವಣದ ಸೋಮವಾರ, ಒಪ್ಪೊತ್ತು, ದಿನಕ್ಕೊಂದೇ ಊಟ. ನಮ್ಮೂರಿನವರು ಆ ಊಟವನ್ನು ಮಧ್ಯಾಹ್ನ ಮಾಡುತ್ತೇವೆ. ನನ್ನ ಏಳು ಜನ ವೀರರು ಬೆಳಿಗ್ಗೆಯಿಂದ ನೀರು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ, ರಾತ್ರಿಗೂ ಏನೂ ಇಲ್ಲ. ಅಂಥವರ ಮುಂದೆ ಬಿಸಿ ಒಬ್ಬಟ್ಟು ಇಟ್ಟು ಆಡುಸ್ತಾ ಕೂತಿರಿ ಎಂದವನು ನಾನು.

ಎಲೆ ಹಾಕಿ ಆಯಿತು. ಅಳಿಯ ವಿಭೂತಿ ಧರಿಸಿ, ಕೈಮುಗಿದು ಕೂತ. ಅತ್ತೆ ಒಬ್ಬಟ್ಟು ತಂದಾಗ ಎಲೆಗೆ ಎರಡೂ ಕೈ ಅಡ್ಡ ಹಿಡಿದ.

“ನಂಗ್ ಬ್ಯಾಡಿ ಅತ್ತೆ. ನಮ್ ಕಡೆ ಒಪ್ಪೊತ್ತಿನ ಊಟ ದೀಪ ಅಚ್ಚಿದ್ ಮೇಲೆಯ. ಒಂದು ಬಾಳೆಅಣ್ಣು, ಒಂದ್ ಲೋಟ ಆಲು ಕೊಡಿ, ಸಾಕು.”

ಅರಳಿಕಟ್ಟೆಯಲ್ಲಿ ಕಂಡದ್ದು ನನಗೆ ಆಗ ಅರ್ಥವಾಯಿತು. ಅವರ ತಂಡದ ಉಳಿದವರು ಬೇರೆ ಮನೆಗಳಿಂದ ಕರೆ ಹೋದರೂ ಏಳದೆ ಅರಳಿಕಟ್ಟೆಯ ಮೇಲೆ ಬರೀ ಬಾಳೆಹಣ್ಣು ಸುಲಿಯುತ್ತ ಕೂತಿದ್ದರು. ಮೈಸೂರಿನವರ ಜಂಬ ಎಂದು ನಾವು ಬೈದುಕೊಂಡಿದ್ದೆವು. ಹೊಳೆಯಾಚೆ ಒಪ್ಪೊತ್ತಿನ ಹೊತ್ತೇ ಬೇರೆ ಎಂದು ನನಗೇನು ಗೊತ್ತು?

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಳಿಯ ಬಾಳೆಹಣ್ಣಿನ ಸಿಪ್ಪೆಯನ್ನು ಒಂದೊಂದೇ ಎಳೆಯಾಗಿ ಸುಲಿದ. ಸುಲಿಯುತ್ತ ಬಿಳಿಗಿರಿ ಬೆಟ್ಟದಿಂದ ಆನೆ ಇಳಿದು ಕಬ್ಬು ಮುರಿದ ಕಥೆ ಹೇಳಿದ. ನಮ್ಮ ಎತ್ತುಗಳ ಯೋಗಕ್ಷೇಮ ಕೇಳಿದ. ಅವನು ಏಳುವ ತನಕ ಇವರು ಏಳುವಂತಿಲ್ಲ. ಸಿದ್ದಮಲ್ಲಪ್ಪ ಮಾತು ಕೊಟ್ಟಂತೆ ಒಬ್ಬಟ್ಟಿನ ತುದಿ ಮುರಿದು ಆಡಿಸಿದ. ಸ್ವಲ್ಪ ಹೊತ್ತಿಗೆ ಆ ತುದಿ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಒಬ್ಬಟ್ಟೇ ಇರಲಿಲ್ಲ. ರತ್ನ ಸೆರಗು ಸಿಕ್ಕಿಸಿಕೊಂಡು ಬಡಿಸುತ್ತಿದ್ದಳು.

“ಸಿದ್ದಮಲ್ಲಣ್ಣ, ಇನ್ನೊಂದು. ತಂಗಿ ಕೈಯಿಂದು ಬ್ಯಾಡ ಅಂತೀಯಾ?”

ಊರಿನ ಹೆಣ್ಣುಮಗಳು ಹಾಗೆ ಕೇಳಿದರೆ ಯಾವನು ಬೇಡ ಎನ್ನುತ್ತಾನೆ? ನಾನು ಕಂಬಕ್ಕೆ ಒರಗಿ ನಿಂತು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಒಬ್ಬನೂ ತಲೆ ಎತ್ತಲಿಲ್ಲ. ಕೊನೆಗೆ ಅಳಿಯ ಹಾಲಿನ ಲೋಟ ಎತ್ತಿಕೊಂಡ. ಆರಿ ತಣ್ಣಗಾಗಿದ್ದ ಹಾಲನ್ನು ಊದಿ ಊದಿ ಕುಡಿದ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಏನೆಂದು ನನಗೆ ಅವತ್ತು ತಿಳಿಯಿತು.

ಕಣದ ವಿಚಾರ ಹೆಚ್ಚು ಹೇಳಲಾರೆ. ಹನೂರಿನಿಂದ ಕರೆಸಿದ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ನಮ್ಮ ಮೊದಲನೆಯವನು ಚಡುಗುಡು ಎನ್ನುತ್ತ ಗೆರೆ ದಾಟಿದ, ನಡುವೆ ಒಂದು ದೊಡ್ಡ ತೇಗು ಬಂತು. ಉಸಿರು ಬಿಟ್ಟೆ, ಹೊರಗೆ ನಡಿ, ಎಂದರು ಮೇಷ್ಟ್ರು.

“ತೇಗು ಉಸುರಲ್ಲ ಸಾ!” ಎಂದು ನಾನು ಕಣದೊಳಕ್ಕೇ ನುಗ್ಗಿದೆ.

“ತೇಗೂ ಉಸುರೇ ಕಣಯ್ಯ. ಓಗಿ ಕುತ್ಕೊ.”

ಹನೂರು ನಮ್ಮ ತಾಲ್ಲೂಕಿನದೇ ಊರು. ಆ ಮನುಷ್ಯನಿಗೆ ಒಂದು ಚೂರಾದರೂ ಅಭಿಮಾನ ಬೇಡವೇ? ನಮ್ಮವರು ಒಬ್ಬೊಬ್ಬರಾಗಿ ತೇಗಿ ಔಟಾದರು. ಬಗ್ಗಿ ಕಾಲು ಹಿಡಿಯಬೇಕಾದವರಿಗೆ ಬಗ್ಗಲು ಹೊಟ್ಟೆ ಬಿಡಲಿಲ್ಲ. ಆದರೂ ನಾನು ಕೂಗುವುದನ್ನು ಬಿಡಲಿಲ್ಲ. ಕೊನೆಗೆ ನಮ್ಮ ಕಡೆ ಸಿದ್ದಮಲ್ಲಪ್ಪ ಒಬ್ಬನೇ ಉಳಿದ. ನನ್ನ ಅಳಿಯ ಗೆರೆ ದಾಟಿ ಬಂದು, ಅವನ ಭುಜ ಮುಟ್ಟಿ ತಿರುಗಿದ. ಸಿದ್ದಮಲ್ಲಪ್ಪ ದೊಪ್ಪನೆ ಬಿದ್ದು ಕಣಕಾಲು ಹಿಡಿದೇಬಿಟ್ಟ!

“ಬುಡಬ್ಯಾಡ ಕಣ್ಲಾ ಸಿದ್ದಮಲ್ಲಾ! ಬುಡಬ್ಯಾಡ!” ಎಂದು ಗಂಟಲು ಕಿತ್ತುಹೋಗುವ ಹಾಗೆ ಅರಚಿದೆ. ದೀವಳಿಗೆಯ ತನಕ ಮಗಳು ನನ್ನ ಕಣ್ಣ ಮುಂದೆ ಇರುವುದೂ ಬಿಡುವುದೂ ಆ ಒಂದು ಕಣಕಾಲಿನಲ್ಲಿತ್ತು. ಅಳಿಯ ಉಸಿರು ಬಿಡದೆ ಒಬ್ಬಟ್ಟಿನ ಮೂಟೆಯನ್ನು ಎಳೆದುಕೊಂಡೇ ತೆವಳಿದ. ಕೈ ಚಾಚಿದ. ಬೆರಳ ತುದಿ ಗೆರೆ ಮುಟ್ಟಿತು.

ಊರಿಗೆ ಊರೇ ತೆಪ್ಪಗಾಯಿತು. ಆ ಮೌನದಲ್ಲಿ ನನ್ನ ಬೆನ್ನ ಹಿಂದೆ, ಹೆಂಗಸರು ನಿಂತಿದ್ದ ಹುಲ್ಲುಮೆದೆಯ ಕಡೆಯಿಂದ, ಒಂದೇ ಒಂದು ದನಿ ಸಂತೋಷಕ್ಕೆ ಕಿರುಚಿತು. ಕೂಗುವ ಗಂಟಲು ನಮ್ಮ ವಂಶದ್ದು. ಯಾರದೆಂದು ನಾನು ತಿರುಗಿ ನೋಡಬೇಕಾಗಿರಲಿಲ್ಲ.

ಹಟ್ಟಿಗೆ ಬಂದರೂ ನಾನು ಸುಲಭವಾಗಿ ಬಗ್ಗಲಿಲ್ಲ. “ಸ್ವಾಮಾರ ಗಾಡಿ ಕಟ್ಟಂಗಿಲ್ಲ,” ಎಂದೆ. “ನಾಳೆ ಮಂಗ್ಳಾರ, ಹಟ್ಟಿ ಮಗಳ ಕಳ್ಸಂಗಿಲ್ಲ. ಬುದ್ವಾರ ನೋಡನ.”

“ಬೆಳದಿಂಗ್ಳದೆ ಕಣಪ್ಪಾ,” ಎಂದಳು ರತ್ನ. “ನಡ್ಕಂಡ್ ಓಯ್ತೀವಿ.”

ಪುಟ್ಟಬಸಮ್ಮ ದೀಪ ಹಚ್ಚಿದಳು. ಪಡಸಾಲೆಯಲ್ಲಿ ಅಳಿಯನಿಗೆ ಒಂದು ಎಲೆ ಹಾಕಿ, ಹೊತ್ತಾಗುತ್ತದೆಂದು ಅಡಿಗೆಮನೆ ಬಾಗಿಲ ಹತ್ತಿರ ಇನ್ನೊಂದು ಹಾಕಿದಳು.

“ಇದ್ಯಾರ್ಗೆ?” ಎಂದೆ.

“ನಿಮ್ಮ ಮಗಳ್ಗೆ. ಬೆಳಗ್ಗಿಂದ ಒಂದ್ ತುತ್ತು ಉಂಡಿಲ್ಲ ಅವ್ಳು.”

ನಾನು ರತ್ನನ ಮುಖ ನೋಡಿದೆ. ಹೂರಣ ರುಬ್ಬಿದವಳು, ಏಳು ಜನಕ್ಕೆ ಓಡಾಡಿ ಬಡಿಸಿದವಳು, ಮಧ್ಯಾಹ್ನ ಉಣ್ಣಲಿಲ್ಲ ಎನ್ನುವುದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

“ನಂದೂ ಆ ಹಟ್ಟಿ ಒಪ್ಪೊತ್ತೆಯ ಈಗ,” ಎಂದಳು ಮೆಲ್ಲಗೆ.

“ಅಂಗಾರೆ ಅಳಿಯಂದ್ರು ಮದ್ಯಾನ ಉಣ್ಣದಿಲ್ಲ ಅಂತ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಯೋಳ್ನಿಲ್ವಲ್ಲ ಕೂಸೇ.”

“ನೀನು ಕೇಳ್ನಿಲ್ವಲ್ಲಪ್ಪಾ,” ಎಂದಳು. “ಇರ್ತೀಯಾ, ಓಯ್ತೀಯಾ ಅಂತ ನನ್ನ ಒಂದ್ ಮಾತು ಕೇಳ್ನಿಲ್ಲ ನೀನು. ಜಗಲಿ ಮೇಲೆ ಪಂದ್ಯ ಕಟ್ಬುಟ್ಟೆ.”

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನ ಮಗಳು ಎಲ್ಲಿದ್ದರೂ ನನ್ನ ಕಡೆಯವಳೇ ಎಂದುಕೊಂಡಿದ್ದೆ. ಅವಳು ಎಂದೋ ಗೆರೆ ದಾಟಿ ಹೋಗಿದ್ದಳು. ನನಗೆ ಸಂಕಟವಾಯಿತು. ಅವಳು ಅಲ್ಲಿ ಸುಖವಾಗಿದ್ದಾಳೆ, ಅದಕ್ಕೇ ಹೊರಟಿದ್ದಾಳೆ ಎಂದು ಹೊಳೆದಾಗ ಆ ಸಂಕಟದೊಳಗೇ ಒಂದು ಥರದ ಸಮಾಧಾನವೂ ಆಯಿತು. ಎರಡನ್ನೂ ಒಟ್ಟಿಗೆ ನುಂಗುವುದು ಕಷ್ಟ.

“ಗೌರಿಗೆ ಕರ್ಯಕ್ ಬಾ,” ಎಂದಳು. ಕಣ್ಣಲ್ಲಿ ನೀರಿತ್ತು.

ಅಳಿಯ ಎಲೆಯ ಮುಂದೆ ಒಂಟಿಯಾಗಿ ಕೂತಿದ್ದ. ಜೊತೆಗೆ ಕೂರಬೇಕಾದ ನಮ್ಮ ಏಳೂ ಜನ ಹುಲ್ಲುಮೆದೆಗೆ ಒರಗಿ ನರಳುತ್ತಿದ್ದರು. ಹಟ್ಟಿಯ ಗಂಡಸು ಎಂದು ಉಳಿದಿದ್ದವನು ನಾನೇ. ನನ್ನ ಒಪ್ಪೊತ್ತಿನ ಊಟ ಮಧ್ಯಾಹ್ನವೇ ಮುಗಿದಿತ್ತು. ಒಂದು ಎಲೆ ಹಾಕಿಸಿಕೊಂಡು ಅಳಿಯನ ಪಕ್ಕ ಕೂತು, ನನಗೊಂದು ಬಾಳೆಹಣ್ಣು, ಒಂದು ಲೋಟ ಹಾಲು ಸಾಕು ಎಂದೆ.

ಗಂಡ ಹೆಂಡಿರಿಬ್ಬರೂ ಹಸಿದಿದ್ದರು, ಬೇಗ ಬೇಗ ಉಂಡರು. ನಾನು ಬಾಳೆಹಣ್ಣಿನ ಸಿಪ್ಪೆಯನ್ನು ಒಂದೊಂದೇ ಎಳೆಯಾಗಿ ಸುಲಿದೆ. ಅಳಿಯನಿಗೆ ಅವನ ಎತ್ತುಗಳ ಯೋಗಕ್ಷೇಮ ಕೇಳಿದೆ. ಬೆಟ್ಟದಿಂದ ಇಳಿದ ಆನೆ ಆಮೇಲೆ ಏನಾಯಿತು ಎಂದು ಕೇಳಿದೆ. ಅವನು ನಗು ತಡೆದುಕೊಂಡು ಎಲ್ಲಕ್ಕೂ ಉತ್ತರ ಕೊಟ್ಟ. ಹೊರಗೆ ಅವರ ತಂಡದವರು ಹೊತ್ತಾಯಿತು ಎಂದು ಕೂಗಿದರು. ಪಂಕ್ತಿಯಲ್ಲಿ ನಾನು ಏಳದೆ ಅಳಿಯ ಏಳುವಂತಿಲ್ಲ. ನಾನು ಲೋಟ ಎತ್ತಿಕೊಂಡು ಊದಿದೆ.

“ಆಲು ಆಗ್ಲೇ ತಣ್ಗಾಗದೆ ಕಣಪ್ಪಾ,” ಎಂದಳು ರತ್ನ.

“ಗೊತ್ತು ಕಣವ್ವಾ,” ಎಂದು ನಾನು ಇನ್ನೊಮ್ಮೆ ಊದಿದೆ.